ಚೀಟಿಯಿಂದ ಚಿತ್ರದವರೆಗೆ

ಬಳ್ಳಾರಿ, ಕುರುಗೋಡುಗಳ ಕಿರಾಣಿ ಅಂಗಡಿಗೆ ಸಿರುಗುಪ್ಪದ ಅಕ್ಕಿ ಕೊಳ್ಳಲು ಹೋಗುವ ಗೃಹಸ್ಥನ ಕೈಯಲ್ಲಿ ಹಿಂದೆ ತಿಂಗಳ ಚೀಟಿ ಇರುತ್ತಿತ್ತು. ಚೀಟಿಯಲ್ಲಿಲ್ಲದ ಸಾಮಾನು ಮನೆಗೆ ಬರುವುದು ಅಪರೂಪ. ಸರಕೆಲ್ಲ ಅಂಗಡಿಕಾರನ ಬೆನ್ನ ಹಿಂದಿತ್ತಲ್ಲ! 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ಪಿಗ್ಲಿ ವಿಗ್ಲಿ ಅಂಗಡಿಯು ಗ್ರಾಹಕನನ್ನೇ ಸರಕಿನ ನಡುವೆ ನಡೆಸಿತು. ಕಣ್ಣಿಗೆ ಬಿದ್ದುದು ಬುಟ್ಟಿಗೂ ಬೀಳತೊಡಗಿತು. 2011ರಲ್ಲಿ ಬೆಂಗಳೂರಿನಲ್ಲಿ ಬಿಗ್‌ಬ್ಯಾಸ್ಕೆಟ್ ಆರಂಭವಾದಾಗ ಆ ಅಂಗಡಿಯೇ ಪರದೆಯೊಳಗೆ ಸೇರಿತು. 2014ರ ಅಮೆಜಾನ್ ಫೈರ್ ಫೋನು ಕ್ಯಾಮೆರಾದೆದುರು ಹಿಡಿದ ವಸ್ತುವನ್ನು ಗುರುತಿಸಿ, ಅದನ್ನು ಕೊಳ್ಳುವ ಪುಟಕ್ಕೇ ಒಯ್ಯುತ್ತಿತ್ತು. ಆ ಫೋನು ಮರುವರ್ಷವೇ ನಿಂತಿತು; ಉಪಾಯ ನಿಲ್ಲಲಿಲ್ಲ. ಬಯಕೆಗೂ ಖರೀದಿಗೂ ನಡುವೆ ವಿವೇಕಕ್ಕೆ ಸಿಗುತ್ತಿದ್ದ ಅವಕಾಶವನ್ನು ಅದು ಅಳಿಸಿಹಾಕುತ್ತದೆ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ-ಅಳತೆಗಳ ಮೋಸವನ್ನೂ ಕಲಬೆರಕೆಯನ್ನೂ ಎಣಿಸಿದೆ. ಕೇಳದ ಸಾಮಾನನ್ನು ಗ್ರಾಹಕನ ಲೆಕ್ಕಕ್ಕೆ ಸೇರಿಸುವುದನ್ನು ಭಾರತ ಸರ್ಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ಶ್ರಾವಕ ವರ್ತಕನಿಗೆ ಇದು ಹೊಸ ಮಾತಲ್ಲ. ಆದರೆ ಚಿತ್ರ ತೋರಿಸಿ ಆಸೆ ಹುಟ್ಟಿಸಿದಲ್ಲಿ ತೂಕವೂ ಸರಿ, ಬಿಲ್ಲೂ ಸರಿ. ಹಿಡಿಯಲು ಕಳ್ಳನೇ ಇಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಸಮಂತಭದ್ರಾಚಾರ್ಯರು ಗುಣವ್ರತಗಳಲ್ಲಿ ಸೇರಿಸಿದ ಭೋಗೋಪಭೋಗ ಪರಿಮಾಣ. ಅದು ಮಿತಿಯನ್ನು ವಸ್ತು ಕಣ್ಣಿಗೆ ಬೀಳುವ ಮೊದಲೇ ಗೊತ್ತುಮಾಡಿಸುತ್ತದೆ. ಅಡುಗೆಮನೆಯ ಡಬ್ಬಿಗಳನ್ನು ನೋಡಿ ಚೀಟಿ ಬರೆಯುತ್ತಿದ್ದ ಗೃಹಿಣಿ ಮಾಡುತ್ತಿದ್ದುದೂ ಇದನ್ನೇ.