ಅಜ್ಜಿಗೊಂದು ಕೋಣೆ: ದಾರಿಯ ಹಾಸಿಗೆಗೆ ದುಡ್ಡು ಕೊಟ್ಟವರು ಯಾರು?

1/7

ಮೊದಲ ಫೋಟೋ ನಮ್ಮ ಅಜ್ಜಿಯ ಕೈ. ತೋರುಬೆರಳಿನ ತುದಿ ಸ್ವಲ್ಪ ಸೊಟ್ಟ ಉಂಟು ನೋಡಿ. ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು ಅದು.

ಸೆಮಿಸ್ಟರ್ ಎಕ್ಸಾಂ ಮುಗಿದ ದಿನ ನಾನೂ ಅಮ್ಮನೂ ಒಂದು ಪ್ಲಾನ್ ಹಾಕಿದೆವು. ಅಜ್ಜಿಯನ್ನು ಎರಡು ರಾತ್ರಿ ಎಲ್ಲಿಗಾದರೂ ಕರ್ಕೊಂಡು ಹೋಗುವುದು. "ಅಜ್ಜಿಯ ರಿಟೈರ್‌ಮೆಂಟ್ ಟ್ರಿಪ್" ಅಂತ ಹೆಸರೂ ಇಟ್ಟಾಯ್ತು. ಮೊಬೈಲಿನಲ್ಲಿ ಚಿಕ್ಕಮಗಳೂರಿನ ಒಂದು ಹೋಂಸ್ಟೇ ತೋರಿಸಿದೆ. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನೋಡಿದ್ರು.

"ಇದು ಯಾರ ಮನೆ ಮಗಾ?"

"ಯಾರದ್ದೋ ಅಜ್ಜಿ. ಬಾಡಿಗೆಗೆ ಕೊಡ್ತಾರೆ."

"ನಾವು ಅಲ್ಲಿ ಮಲಗಿದ್ರೆ ಆ ಮನೆಯವರು ಎಲ್ಲಿ ಮಲಗ್ತಾರೆ?"

ನಕ್ಕುಬಿಟ್ಟೆ. ಆಮೇಲೆ ಸುಮ್ಮನೆ ಕೇಳಿದೆ: ಇಷ್ಟು ವರ್ಷದಲ್ಲಿ ನೀವು ಮನೆ ಬಿಟ್ಟು ಹೊರಗೆ ಎಲ್ಲೆಲ್ಲಿ ಮಲಗಿದ್ದೀರಿ? ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿದ್ರು. ತವರುಮನೆ. ನೆಂಟರ ಮದುವೆಮನೆ. ಅಮ್ಮನ ಹೆರಿಗೆಯ ಸಮಯ ಆಸ್ಪತ್ರೆಯ ಬೆಂಚು. ಲಕ್ಷದೀಪಕ್ಕೆ ಹೋದಾಗ ಒಮ್ಮೆ ಧರ್ಮಸ್ಥಳ. 68 ವರ್ಷಕ್ಕೆ ನಾಲ್ಕು ಬೆರಳು, ಅಷ್ಟೇ.

ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಹಾಗಾಗಿ ಈ ಸೀರೀಸ್. ಊರು ಬಿಟ್ಟು ಹೊರಟವರಿಗೆ ರಾತ್ರಿ ಮಲಗಲಿಕ್ಕೆ ಜಾಗ ಕೊಟ್ಟವರು ಯಾರು? ಆ ಖರ್ಚು ಯಾರ ಲೆಜರಿಗೆ ಹೋಯ್ತು? ಯಾರಿಗೆ ಆ ಜಾಗ ಸಿಗಲೇ ಇಲ್ಲ? ಬಿಕಾಂ ಬುದ್ಧಿ ಮಾರ್ರೆ, ಎಲ್ಲದರಲ್ಲೂ ಡೆಬಿಟ್ ಕ್ರೆಡಿಟ್ ಕಾಣ್ತದೆ.

2/7

ಈ ಫೋಟೋ ನಮ್ಮ ಸರ್ಕಲ್. ಬಿ.ಸಿ.ರೋಡ್ ಅಂದ್ರೆ ಬಂಟ್ವಾಳ ಕ್ರಾಸ್ ರೋಡ್. ಊರಿನ ಹೆಸರಲ್ಲೇ ದಾರಿ ಉಂಟು. ಇಲ್ಲಿಂದ ಒಂದು ರಸ್ತೆ ಶಿರಾಡಿ ಹತ್ತಿ ಬೆಂಗಳೂರಿಗೆ, ಇನ್ನೊಂದು ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿಗೆ. ಹಿಂದೆ ಘಟ್ಟದ ಮೇಲಿನ ಕಾಫಿ ಬಂಟ್ವಾಳ ಪೇಟೆಗೆ ಇಳಿದು, ನೇತ್ರಾವತಿಯಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗ್ತಿತ್ತು. ಅಂದ್ರೆ ನಾವು ದಾರಿಹೋಕರನ್ನು ನೋಡಿಯೇ ಬೆಳೆದ ಊರಿನವರು.

ಹಾಗಾದ್ರೆ ಆ ದಾರಿಹೋಕರು ಎಲ್ಲಿ ಮಲಗ್ತಿದ್ರು?

1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ನಮ್ಮ ಕರಾವಳಿಗೆ ಬಂದಿದ್ದ. ಇಕ್ಕೇರಿಗೆ ಹೋಗುವ ಘಟ್ಟದ ದಾರಿಯಲ್ಲಿ ಅವನು ತಂಗಿದ್ದು ಹನುಮಂತ ದೇವಸ್ಥಾನದ ಜಗಲಿಯಲ್ಲಿ. ಅಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಲೆಕ್ಕ ಕಲಿಯುವುದನ್ನು ನೋಡಿ ಬರೆದಿಟ್ಟ. ಜಗಲಿಗೆ ಬಾಡಿಗೆ ಇರಲಿಲ್ಲ. ರಿವ್ಯೂ ಮಾತ್ರ ನಾನೂರು ವರ್ಷದಿಂದ ಉಂಟು.

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಇದೇ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ದಾರಿಯಲ್ಲಿ ಹೋದ. ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಆಸಾಮಿ. ಅವನದ್ದು ಡೇರೆ, ಆಳುಕಾಳು ಎಲ್ಲ ಜೊತೆಗೇ. ಬಿಲ್ಲು ಕಂಪನಿಗೆ.

ಇನ್ನು ಅಜ್ಜಿಯ ಪ್ರಶ್ನೆಗೆ ಬರುವ. ಧರ್ಮಸ್ಥಳದ ಐತಿಹ್ಯ ನಿಮಗೆಲ್ಲ ಗೊತ್ತಿರಬಹುದು. ಕುಡುಮದ ನೆಲ್ಯಾಡಿ ಬೀಡಿಗೆ ಅತಿಥಿಗಳು ಬರ್ತಾರೆ. ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ದಂಪತಿ ಸತ್ಕಾರ ಮಾಡ್ತಾರೆ. ಬಂದವರು ಧರ್ಮದೈವಗಳು. ಕನಸಲ್ಲಿ ಕಾಣಿಸಿಕೊಂಡು, ಈ ಮನೆಯನ್ನು ನಮಗೆ ಬಿಟ್ಟುಕೊಡಿ ಅಂತಾರೆ. ಮನೆಯವರು ಬಿಟ್ಟುಕೊಟ್ಟು ಬೇರೆ ಮನೆ ಮಾಡಿಕೊಳ್ತಾರೆ.

"ಆ ಮನೆಯವರು ಎಲ್ಲಿ ಮಲಗ್ತಾರೆ?" ಅಜ್ಜಿ ಕೇಳಿದ್ದು ತಮಾಷೆಯ ಪ್ರಶ್ನೆ ಅಲ್ಲ. ನಮ್ಮ ತಾಲೂಕುಗಳ ಅತಿ ದೊಡ್ಡ ಕಥೆ ಶುರುವಾಗುವುದೇ ಅಲ್ಲಿಂದ.

3/7

ಜಗಲಿ ಆದ ಮೇಲೆ ಛತ್ರ. ಫೋಟೋ ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ್ದು, ಕಳೆದ ವರ್ಷ ತೆಗೆದದ್ದು.

ಛತ್ರ, ಅರವಟ್ಟಿಗೆಗಳಿಗೆ ಭೂಮಿ ಬಿಟ್ಟ ಶಾಸನಗಳು ಕರ್ನಾಟಕದಲ್ಲಿ ಬೇಕಾದಷ್ಟು ಸಿಗ್ತವೆ. ಲೆಕ್ಕ ಸಿಂಪಲ್: ಒಂದು ಗದ್ದೆ ಬಿಟ್ಟರೆ ಅದರ ಬೆಳೆಯಿಂದ ಅಡುಗೆಮನೆ ನಡೀತದೆ. ಅಸಲು ಮುಟ್ಟಬಾರದು, ಆದಾಯ ಮಾತ್ರ ಖರ್ಚು. ನಮ್ಮ ಸಿಲೆಬಸ್‌ನ ಎಂಡೋಮೆಂಟ್ ಫಂಡ್ ಇದೇ, ಕಲ್ಲಿನ ಮೇಲೆ ಬರೆದದ್ದು.

ರೈಲು ಬಂದ ಮೇಲೆ ಈ ಕೆಲಸವನ್ನು ವ್ಯಾಪಾರಿಗಳೂ ಮಾಡಿದ್ರು. ಗುಬ್ಬಿ ತೋಟದಪ್ಪನವರು ಬೆಂಗಳೂರು ರೈಲ್ವೆ ಸ್ಟೇಷನ್ ಎದುರು ಜಾಗ ತೆಗೊಂಡು ಕಟ್ಟಿಸಿದ ಛತ್ರ 1903ರಲ್ಲಿ ಉದ್ಘಾಟನೆ ಆಯ್ತು. ಪ್ರಯಾಣಿಕರಿಗೆ ತಂಗಲು ಜಾಗ, ಓದುವ ಹುಡುಗರಿಗೆ ಹಾಸ್ಟೆಲ್. ಅಂಗಡಿಯಲ್ಲಿ ದುಡಿದ ದುಡ್ಡು ಹಾಸಿಗೆ ಆಯ್ತು.

ಇಷ್ಟು ಹೇಳಿ ನಿಲ್ಲಿಸಿದ್ರೆ ಚೆಂದ. ಆದರೆ ಲೆಕ್ಕದ ಇನ್ನೊಂದು ಬದಿ ಬರೆಯದಿದ್ರೆ ಬ್ಯಾಲೆನ್ಸ್ ಆಗುವುದಿಲ್ಲ. ಎಷ್ಟೋ ಛತ್ರಗಳಲ್ಲಿ ಹಾಸಿಗೆ ಫ್ರೀ, ಆದರೆ ಮೊದಲು ಜಾತಿ ಹೇಳಬೇಕು. ಪಂಕ್ತಿ ಬೇರೆ, ಬಾವಿ ಬೇರೆ, ಕೆಲವರಿಗೆ ಬಾಗಿಲೇ ಇಲ್ಲ. 1917ರಲ್ಲಿ ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ ಬಂದ ಅಂಬೇಡ್ಕರ್ ಕೆಲಸಕ್ಕೆಂದು ಬರೋಡಕ್ಕೆ ಹೋದಾಗ ಅವರಿಗೆ ಉಳಿಯಲು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ಒಂದು ವಸತಿಗೃಹದಲ್ಲಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಹೆಸರು ಯಾಕೆ ಉಂಟು ಅಂತ ಪಿಯುಸಿಯಲ್ಲಿ ನನಗೆ ಅರ್ಥ ಆಗಿರ್ಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಂತೂ ಧರ್ಮಶಾಲೆ, ಮುಸಾಫಿರ್‌ಖಾನೆ ಅಂತ ಬಿಡಿಸಿ ಬರೆದಿದ್ದಾರೆ. ಒಂದು ರಾತ್ರಿಯ ಹಾಸಿಗೆಗೆ ಕಾನೂನು ಬೇಕಾಯ್ತು.

4/7

ನಾಲ್ಕನೇ ಫೋಟೋ: ಹೆಂಚಿನ ಮಾಡು, ಉದ್ದದ ಜಗಲಿ, ಗೇಟಿನಲ್ಲಿ ಸರ್ಕಾರಿ ಬೋರ್ಡ್. ಊರೂರಲ್ಲಿ ಇರುವ ಐಬಿ, ಅಂದ್ರೆ ಪ್ರವಾಸಿ ಮಂದಿರ. ಹೆಸರು ಪ್ರವಾಸಿ ಮಂದಿರ, ಆದರೆ ನಮ್ಮಲ್ಲಿ ಯಾರ ಮನೆಯವರಾದ್ರೂ ಅಲ್ಲಿ ಮಲಗಿದ್ದುಂಟಾ? ಕಮೆಂಟ್ ಮಾಡಿ.

ಬ್ರಿಟಿಷರ ಕಾಲದ ಡಾಕ್ ಬಂಗಲೆಗಳ ವಂಶ ಇದು. ಟಪಾಲು ಹೋಗುವ ದಾರಿಯಲ್ಲಿ ಅಧಿಕಾರಿಗಳು ತಂಗಲಿಕ್ಕೆ ಕಟ್ಟಿದ್ದು. ಖರ್ಚು ಸರ್ಕಾರದ್ದು, ಅಂದ್ರೆ ತೆರಿಗೆ ಕಟ್ಟುವ ರೈತನದ್ದು. ಹಾಸಿಗೆ ಮಾತ್ರ ಸಾಹೇಬರದ್ದು.

ಸ್ವಾತಂತ್ರ್ಯ ಬಂದ ಮೇಲೆ ಇದು ಸ್ವಲ್ಪ ಕೆಳಗೆ ಇಳಿಯಿತು. 1956ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಎಲ್‌ಟಿಸಿ ಬಂತು: ರಜೆ ಹಾಕಿ ಕುಟುಂಬದ ಜೊತೆ ಪ್ರಯಾಣ ಮಾಡಿ, ಟಿಕೆಟಿನ ದುಡ್ಡು ಇಲಾಖೆ ಕೊಡ್ತದೆ. ಕೆಲವರ ಮನೆಯಲ್ಲಿ ತಾಜ್‌ಮಹಲ್ ಎದುರು ಸಾಲಾಗಿ ನಿಂತ ಹಳೇ ಫೋಟೋ ಇರ್ತದಲ್ಲ, ಅದರ ಹಿಂದೆ ಹೆಚ್ಚಾಗಿ ಎಲ್‌ಟಿಸಿ ಇರ್ತದೆ.

ಬಿಕಾಂ ಗೆಳೆಯರಿಗೆ: 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(5) ನೆನಪುಂಟಾ? ನಾಲ್ಕು ವರ್ಷದ ಬ್ಲಾಕ್‌ನಲ್ಲಿ ಎರಡು ಪ್ರಯಾಣ. ಅದನ್ನು ಪೂರ್ತಿ ಓದಿದ್ರೆ, ನಿವೃತ್ತಿ ಆದ ಮೇಲೆ ಮಾಲಕರು ಕೊಡುವ ಪ್ರಯಾಣದ ದುಡ್ಡಿಗೂ ವಿನಾಯಿತಿ ಅಂತ ಉಂಟು. ಕಾನೂನು ಬರೆದವರ ತಲೆಯಲ್ಲಿ ರಿಟೈರ್ ಆದವರ ಪ್ರವಾಸ ಇತ್ತು! ಆದರೆ ವಿನಾಯಿತಿ ಟಿಕೆಟ್‌ಗೆ ಮಾತ್ರ, ಕೋಣೆಯ ಬಾಡಿಗೆಗೆ ಇಲ್ಲ. ಮತ್ತೆ ಅದು ಸಿಗಬೇಕಾದ್ರೆ ಮಾಲಕ ಅಂತ ಒಬ್ಬ ಇರಬೇಕು, ನಿವೃತ್ತಿ ಅಂತ ಒಂದು ದಿನಾಂಕ ಇರಬೇಕು.

ಅಜ್ಜಿಗೆ ಎರಡೂ ಇತ್ತಾ?

5/7

ಫೋಟೋದಲ್ಲಿರುವುದು ತಡ್ಪೆ. ಈಗ ಅದರಲ್ಲಿ ಅಕ್ಕಿ ಗೇರ್ತಾರೆ. ಮೊದಲು ಇದು ಅಜ್ಜಿಯ ಆಫೀಸ್. ಮಡಿಲಲ್ಲಿ ತಡ್ಪೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬ್ರಾಂಚಿಗೆ ಲೆಕ್ಕ ಕೊಡುವುದು ಸಾವಿರದ ಮೇಲೆ. ಬಂಟ್ವಾಳ, ಬೆಳ್ತಂಗಡಿ ಕಡೆ ಇಂಥ ಎಷ್ಟು ಮನೆಗಳಿದ್ದವು, ನಿಮಗೇ ಗೊತ್ತುಂಟು. ನಮ್ಮಲ್ಲಿ ಸುಮಾರು ಜನರ ಸ್ಕೂಲ್ ಫೀಸ್ ಬಂದದ್ದು ಆ ತಡ್ಪೆಯಿಂದ.

ರಿಟೈರ್‌ಮೆಂಟ್ ಅನ್ನುವುದೇ ಹೊಸ ವಿಷಯ. ಜರ್ಮನಿಯಲ್ಲಿ 1889ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂದಾಗ ವಯಸ್ಸು 70. ನಮ್ಮಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವವರು ಕಾರ್ಮಿಕರು ಹೌದಾ ಅಲ್ವಾ ಅನ್ನುವುದೇ ಕೇಸ್ ಆಗಿ, 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಹೌದು, ಅವರಿಗೂ ಪಿಎಫ್ ಕಾಯ್ದೆ ಅನ್ವಯ ಆಗ್ತದೆ. 1995ರಲ್ಲಿ ಪಿಎಫ್ ಜೊತೆ ಪಿಂಚಣಿ ಯೋಜನೆ ಬಂತು. 2014ರಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1000 ರೂಪಾಯಿ ಆಯ್ತು. ಅಜ್ಜಿಗೆ ಬರುವುದು ಸಾವಿರದ ಚಿಲ್ಲರೆ.

ಈ ದುಡ್ಡಲ್ಲಿ ಪ್ರವಾಸ ಹೇಗೆ?

ರೈಲಿನಲ್ಲಿ 58 ದಾಟಿದ ಹೆಂಗಸರಿಗೆ 50%, 60 ದಾಟಿದ ಗಂಡಸರಿಗೆ 40% ರಿಯಾಯಿತಿ ಇತ್ತು. 2020ರ ಮಾರ್ಚಿನಲ್ಲಿ ಕೊರೊನಾ ಸಮಯ ನಿಲ್ಲಿಸಿದ್ರು. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ರೈಲು ಶುರುವಾದಾಗ ಟಿಕೆಟ್ 20,000, ಅದರಲ್ಲಿ 5000 ರಾಜ್ಯ ಸರ್ಕಾರದ್ದು. ಉಳಿದ 15,000 ಅಂದ್ರೆ ಅಜ್ಜಿಯ ಒಂದು ವರ್ಷದ ಪಿಂಚಣಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಅಜ್ಜಿ ಆಧಾರ್ ಕಾರ್ಡ್ ಹಿಡ್ಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದ್ರು. ಆ ಸೊನ್ನೆ ರೂಪಾಯಿ ಟಿಕೆಟ್ ಇನ್ನೂ ಪಂಚಾಂಗದ ಒಳಗೆ ಉಂಟು. ಆದರೆ ಸಂಜೆಗೇ ವಾಪಸ್. ಬಸ್ಸು ಫ್ರೀ ಆದ್ರೂ ರಾತ್ರಿ ಫ್ರೀ ಅಲ್ವಲ್ಲ.

6/7

ಈಗ ಹೋಂಸ್ಟೇ. ಫೋಟೋ ಚಾರ್ಮಾಡಿ, ಮಳೆಗಾಲದ್ದು.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. 2000ದ ಆಸುಪಾಸು ಕಾಫಿ ಬೆಲೆ ನೆಲ ಕಚ್ಚಿತು. ಕೊಡಗು, ಚಿಕ್ಕಮಗಳೂರಿನ ಎಷ್ಟೋ ತೋಟದ ಮನೆಗಳಿಗೆ ಖಾಲಿ ಕೋಣೆಗಳೇ ಎರಡನೇ ಬೆಳೆ ಆದವು. ಒಂದು ಕಾಲದಲ್ಲಿ ಕಾಫಿ ಈ ಘಟ್ಟ ಇಳಿದು ನಮ್ಮೂರಿಗೆ ಬರ್ತಿತ್ತು. ಈಗ ನಾವು ಅದೇ ಘಟ್ಟ ಹತ್ತಿ ಕಾಫಿ ಬೆಳೆದವರ ಮನೆಗೆ ಹೋಗ್ತೇವೆ.

2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಇದೇ ಕಥೆ. ಮನೆ ಬಾಡಿಗೆ ಕಟ್ಟಲಿಕ್ಕೆ ಕಷ್ಟವಾಗಿ ಇಬ್ಬರು ಹುಡುಗರು ತಮ್ಮ ರೂಮಿನಲ್ಲಿ ಗಾಳಿ ತುಂಬಿದ ಹಾಸಿಗೆ ಹಾಕಿ ಅತಿಥಿಗಳನ್ನು ಕರೆದ್ರು. ಏರ್‌ಬಿಎನ್‌ಬಿ ಹುಟ್ಟಿದ್ದು ಹಾಗೆ. ಅಜ್ಜಿಗೆ ಇದನ್ನು ಹೇಳಿದೆ. "ಹಾಗಾದ್ರೆ ಅವರೂ ಅದೇ ಮನೆಯಲ್ಲಿ ಮಲಗಿದ್ರಾ? ಅದು ಸರಿ" ಅಂದ್ರು.

ಒಂದು ಸಣ್ಣ ವಿಷಯ ನನಗೆ ಭಾರೀ ಇಷ್ಟ ಆಯ್ತು. ದೇವಸ್ಥಾನದ ಆವರಣದಲ್ಲಿ ನೋಂದಾಯಿತ ಧಾರ್ಮಿಕ ಟ್ರಸ್ಟುಗಳು ಕೊಡುವ, ದಿನಕ್ಕೆ 1000 ರೂಪಾಯಿಗಿಂತ ಕಡಿಮೆಯ ಕೋಣೆಗೆ ಜಿಎಸ್‌ಟಿ ವಿನಾಯಿತಿ ಉಂಟು. ಶಾಸನದ ಛತ್ರ ಇವತ್ತಿನ ತೆರಿಗೆ ನೋಟಿಫಿಕೇಶನ್‌ನಲ್ಲಿ ಇನ್ನೂ ಬದುಕಿದೆ.

ಆದರೆ ಉಳಿದ ಕಡೆ ಲೆಕ್ಕ ಬದಲಾಯ್ತು. ಅರಸ, ಮಠ, ವ್ಯಾಪಾರಿ, ಸರ್ಕಾರ ಹೀಗೆ ಯಾರಾದ್ರೊಬ್ಬರು ಹೊತ್ತುಕೊಳ್ತಿದ್ದ ಬಿಲ್ಲು ಈಗ ಮಲಗುವವರ ಕೈಗೇ ಬಂದಿದೆ. ಜಾತಿ ಕೇಳದೆ ಕೋಣೆ ಕೊಡುವ ಆ್ಯಪ್ ದೊಡ್ಡ ವಿಷಯ ಹೌದು. ಅದು ಕಾರ್ಡ್ ಕೇಳ್ತದೆ, ಇಂಗ್ಲಿಷ್ ಕೇಳ್ತದೆ. ಅಜ್ಜಿಯ ಹತ್ತಿರ ಎರಡೂ ಇಲ್ಲ. ನಾವು ಮಾಡಿಕೊಡಬೇಕು.

7/7

ಕೊನೆಗೆ ಮೈಸೂರು ಅಂತ ಆಯ್ತು. ಭಾನುವಾರ ಸಂಜೆ ಅರಮನೆಯ ದೀಪ ನೋಡುವುದು ಅಜ್ಜಿಯ ಆಸೆ. ಹಾಗಾಗಿ ಶನಿವಾರ, ಭಾನುವಾರ ಎರಡು ರಾತ್ರಿ. ಅಜ್ಜಿಗೂ ಅಮ್ಮನಿಗೂ ಬಸ್ಸು ಫ್ರೀ, ಕೋಣೆಗೆ ಮಾತ್ರ ಖರ್ಚು.

ಕಳೆದ ವರ್ಷ ನಾವು ಕ್ಲಾಸಿನವರು ಒಂದು ಕಡೆ ಫೋಟೋ ನಂಬಿ ಅಡ್ವಾನ್ಸ್ ಹಾಕಿ ಮೋಸ ಹೋದದ್ದು ಗೊತ್ತಲ್ಲ? ಈ ಸಲ ಅಜ್ಜಿಯ ಪ್ರಶ್ನೆಗಳನ್ನೇ ಲಿಸ್ಟ್ ಮಾಡಿದೆ. ಹಿರಿಯರನ್ನು ಕರ್ಕೊಂಡು ಹೋಗುವವರು ಸೇವ್ ಮಾಡ್ಕೊಳ್ಳಿ:

• ಕೋಣೆ ನೆಲಮಹಡಿಯಲ್ಲಿ ಉಂಟಾ? ಗೇಟಿನಿಂದ ಹಾಸಿಗೆಯವರೆಗೆ ಮೆಟ್ಟಿಲು ಎಷ್ಟು?
• ಕಕ್ಕಸು ಯಾವ ನಮೂನೆಯದ್ದು? ಹಿಡ್ಕೊಳ್ಳಲಿಕ್ಕೆ ಏನಾದ್ರೂ ಉಂಟಾ? ನೆಲ ಜಾರ್ತದಾ?
• ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ, ರಾತ್ರಿ ಆಟೋ ಸಿಗ್ತದಾ?
• ತೆರಿಗೆ, ಕ್ಲೀನಿಂಗ್ ಎಲ್ಲ ಸೇರಿ ಒಟ್ಟು ಎಷ್ಟು? ಹುಷಾರಿಲ್ಲದೆ ಕ್ಯಾನ್ಸಲ್ ಮಾಡಿದ್ರೆ ಎಷ್ಟು ವಾಪಸ್?
• ಬೆಳಿಗ್ಗೆ ಗಂಜಿಯೋ ಇಡ್ಲಿಯೋ ಹತ್ತಿರದಲ್ಲಿ ಸಿಗ್ತದಾ? ಆಸ್ಪತ್ರೆ?
• ಹಳೇ ಫೋಟೋ ಬೇಡ, ಇವತ್ತಿನ ವಿಡಿಯೋ ಕಳಿಸಿ ಅನ್ನಿ. ಮನೆಯವರ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡದೆ ದುಡ್ಡು ಹಾಕಬೇಡಿ.

ಫೋನ್ ಮಾಡಿದಾಗ ಅಜ್ಜಿಯೇ ತೆಗೊಂಡು ಕೇಳಿದ್ರು, ನೀವು ಎಲ್ಲಿ ಮಲಗ್ತೀರಿ ಅಂತ. ಆ ಕಡೆಯ ಅಮ್ಮ ನಕ್ಕು, "ಹಿಂದಿನ ಭಾಗದಲ್ಲಿ ನಾವೇ ಇರ್ತೀವಿ, ನೀವು ಆರಾಮಾಗಿ ಬನ್ನಿ" ಅಂದ್ರು. ಅಜ್ಜಿಗೆ ಸಮಾಧಾನ ಆಯ್ತು. ಎರಡು ರಾತ್ರಿಗೆ 2800.

ನಾನು ನನ್ನ ಪಾರ್ಟ್‌ಟೈಮ್ ದುಡ್ಡಿನಿಂದ ಕಟ್ಟುವವ್ಯವಸ್ಥೆ ಮಾಡಿದ್ದೆ. ಅಜ್ಜಿ ಒಳಗೆ ಹೋಗಿ ಬಿಸ್ಕೆಟ್ ಡಬ್ಬಿ ತಂದ್ರು. ನೂರರ, ಇನ್ನೂರರ ನೋಟುಗಳು, ರಬ್ಬರ್ ಬ್ಯಾಂಡ್ ಹಾಕಿದ್ದು. ಬೀಡಿ ಕಟ್ಟು ಎಣಿಸುವ ಹಾಗೆಯೇ ಎಣಿಸಿದ್ರು.

"ಬಸ್ಸು ಸರ್ಕಾರದ್ದು. ಊಟ ನೀವು ಕೊಡಿ. ಕೋಣೆಯ ಬಾಡಿಗೆ ನಾನು ಕೊಡ್ತೇನೆ. ಧರ್ಮಕ್ಕೆ ಮಲಗುವುದು ಒಮ್ಮೆ ಆಯ್ತಲ್ಲ ಮಗಾ."

ನಾನು ಎಂತ ಹೇಳುವುದು? ಬೇಡ ಅನ್ಲಿಲ್ಲ. ಬುಕ್ಕಿಂಗ್ ಅಜ್ಜಿಯ ಹೆಸರಲ್ಲೇ ಮಾಡಿದೆ.

ಇವತ್ತು ಮನೆಗೆ ಹೋಗಿ ನಿಮ್ಮ ಅಜ್ಜಿಯನ್ನೂ ಕೇಳಿ: ಮನೆ ಬಿಟ್ಟು ಎಲ್ಲೆಲ್ಲಿ ಮಲಗಿದ್ದೀರಿ ಅಂತ. ಎಷ್ಟು ಬೆರಳು ಆಯ್ತು ಅಂತ ಕೆಳಗೆ ಬರೀರಿ. ಮೈಸೂರಿನ ಫೋಟೋ ವಾಪಸ್ ಬಂದ ಮೇಲೆ ಹಾಕ್ತೇನೆ.