ಹಳಿಯಾಳದಾಗ ಕಂಡ ಕೌದಿ

ಹೋದ ತಿಂಗಳು ಧಾರವಾಡದಿಂದ ಬಸ್ ಹತ್ತಿ ಹಳಿಯಾಳಕ್ಕ ತಂಗಿ ಮನಿಗೆ ಹೋಗಿದ್ದೆ ನೋಡ್ರಿ. ಆಕೀ ಮಗಳು ಬಾಣಂತಿ, ಕೂಸಿನ ಮಾರಿ ನೋಡಬೇಕಿತ್ತು. ಅವತ್ತೇ ಅಲ್ಲಿ ಸಿದ್ದಿ ಹೆಣ್ಣಮಕ್ಕಳ ಕೌದಿ ಪ್ರದರ್ಶನ ಇತ್ತು. ಒಂದ ಹಾದ್ಯಾಗ ಎರಡೂ ಆದವು.

ನಮ್ಮವ್ವ ಕೌದಿಗೆ ಉದ್ದಕ್ಕ ಹೊಲಿಗಿ ಹಾಕತಿದ್ಲು. ಇವರು ಒಂದು ಮೂಲಿಯಿಂದ ಸುರು ಮಾಡಿ, ಅಂಚಿನಗುಂಟ ಸುತ್ತ ಹಾಕ್ಕೋತ ನಡುವಿಗೆ ಬರತಾರ. ನಾಕೂ ಮೂಲಿಗೆ ಮಡಚಿದ ಅರಬಿ ತುಣುಕು ಇಡತಾರ, ಅದಕ್ಕ ‘ಫೂಲ’ ಅಂತಾರ. ಅದಿಲ್ಲದ ಕೌದಿ ಬೆತ್ತಲಿದ್ದಂಗಂತ.

ಇವರ ಹಿರ್ಯಾರನ್ನ ಪೋರ್ಚುಗೀಜರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕ ತಂದಿದ್ರು. ತಪ್ಪಿಸಿಕೊಂಡು ಬಂದವರು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಅಡವಿ ಸೇರಿದ್ರು. 2003ರಾಗ ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿತು. 2011ರಾಗ ಇವರ ಕೌದಿ ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋದಾಗ ವಸ್ತುಸಂಗ್ರಹಾಲಯದ ಗ್ವಾಡಿ ಏರಿದವು.

ನಾ ಏನ ಮಾಡಿದ್ದೆ? ಅವ್ವ ತೀರಿದ ವರ್ಷ ಮನಿಗೆ ಸುಣ್ಣ ಹಚ್ಚೂಮುಂದ ಆಕೀ ಕೌದಿ ಹರಕಂತ ಹೊರಗ ಒಗದೆ. ಅದರಾಗ ಅಪ್ಪನ ಧೋತರ ಇತ್ತು, ನಮ್ಮಿಬ್ಬರ ಲಂಗದ ತುಣುಕು ಇದ್ದವು. ಬ್ಯಾರೆಯವರ ಕೌದಿ ಮುಂದ ನಿಂತಾಗ ಅದು ನೆನಪಾಗಿ ಕಣ್ಣು ತುಂಬಿದವು.

ಸಂಜೀಕ ತಂಗಿ ಟ್ರಂಕಿನ್ಯಾಗಿಂದ ಅವ್ವನ ಇಳಕಲ್ ಸೀರಿ ತಗದಳು. “ಇದೊಂದ ಉಳದೈತಿ ಅಕ್ಕಾ, ಕೂಸಿಗೆ ಕೌದಿ ಹೊಲಿ” ಅಂದ್ಲು.

ದಾರ ತಂದೀನ್ರಿ. ಮೂಲಿಗೆ ಫೂಲನೂ ಇಡಾಕಿ. ನಿಮ್ಮನ್ಯಾಗ ಹಳೇ ಸೀರಿ ಇದ್ರ ಭಾಂಡೆದಾಕಿಗೆ ಹಾಕೂಕಿಂತ ಮೊದಲ ಒಮ್ಮೆ ಬಿಚ್ಚಿ ನೋಡ್ರಿ.