ಇಂಕಾ ತಳಪಾಯದ ಮೇಲಿನ ಕುಸ್ಕೊ

ಪೆರುವಿನ ಕುಸ್ಕೊ ನಗರವನ್ನು ಸ್ಪೇನಿನವರು 1533ರಲ್ಲಿ ವಶಪಡಿಸಿಕೊಂಡರು. ಇಂಕಾ ಅರಮನೆಗಳನ್ನು ಕೆಡವಿದರೂ ಅನೇಕ ಕಡೆ ತಳಪಾಯ ಉಳಿಸಿಕೊಂಡು ಅದರ ಮೇಲೆಯೇ ಕಟ್ಟಿದರು. ನಗರ ಸುತ್ತುವ ನಮ್ಮ ನಡಿಗೆ ಶುರುವಾಗುವ ಪ್ಲಾಜಾ ದೆ ಅರ್ಮಾಸ್ ಚೌಕದ ಕೆಥೆಡ್ರಲ್‌ಗೆ ಕಲ್ಲು ಬಂದದ್ದು ಇಂಕಾಗಳ ಸಾಕ್ಸಾಯ್ವಮಾನ್ ಕೋಟೆಯಿಂದ. ಒಳಗೆ ಮಾರ್ಕೋಸ್ ಸಪಾತಾ ಬರೆದ, ಏಸುವಿನ ಕಡೆಯ ಭೋಜನದ ಚಿತ್ರವಿದೆ. ತಟ್ಟೆಯಲ್ಲಿ ಕಾಲು ಮೇಲೆತ್ತಿ ಬಿದ್ದಿರುವುದು ಆಂಡಿಸ್ ಸೀಮೆಯ ಗಿನಿ ಪಿಗ್!

ಹತ್ತಿರದ ಹತುನ್ ರುಮಿಯೊಕ್ ಓಣಿಯ ಇಂಕಾ ಗೋಡೆಯಲ್ಲಿ ಹನ್ನೆರಡು ಮೂಲೆಯ ಕಲ್ಲೊಂದಿದೆ. ಗಾರೆಯಿಲ್ಲ, ಸಂದಿಯಲ್ಲಿ ಚಾಕುವಿನ ಅಲಗೂ ಇಳಿಯದು. ಈ ಕಸುಬಿನ ಮುಂದೆ ಅದರ ಮೇಲೆ ಸ್ಪೇನಿನವರು ಕಟ್ಟಿದ ಸುಣ್ಣದ ಗೋಡೆಗಳು ಸಪ್ಪೆಯೇ. ದಕ್ಷಿಣಕ್ಕೆ ಹೋದರೆ ಸೂರ್ಯದೇಗುಲ ಕೊರಿಕಾಂಚದ ಮೇಲೆ ಕಟ್ಟಿದ ಸಾಂತೊ ದೊಮಿಂಗೊ ಮಠ. 1950ರ ಭೂಕಂಪದಲ್ಲಿ ಮಠ ಜಖಂಗೊಂಡಿತು. ಅದರೊಳಗೆ ಮರೆಯಾಗಿದ್ದ ಇಂಕಾ ಗೋಡೆಗಳು ಗಟ್ಟಿಯಾಗಿ ನಿಂತು ಬೆಳಕಿಗೆ ಬಂದವು.